ಈ ಸಲ ಗೌರಿ ತಾನೇ ಈದಳು

ಫೆಬ್ರವರಿ 16, ಬೆಳಿಗ್ಗೆ. ರಾತ್ರಿ ಮೂರೂವರೆಗೆ ಗೌರಿ ಈದಳು. ಹೊಟ್ಟೆ ಕೊಯ್ಯಲಿಲ್ಲ. ಹೆಂಗರು, 41 ಕಿಲೋ. ನಿದ್ದೆ ಇಲ್ಲ, ಆದರೂ ಈಗಲೇ ಬರೆದಿಡಬೇಕು ಅನಿಸಿತು.

ಗೌರಿ ಬೆಲ್ಜಿಯನ್ ಬ್ಲೂ ತಳಿಯ ಹಸು. ಬೆಲ್ಜಿಯಂನ ಗೆಂಟ್ ಹತ್ತಿರ ನಮ್ಮ ಪಕ್ಕದ ರೈತರ ಕೊಟ್ಟಿಗೆಗೆ ರಜಾ ದಿನ ಕೆಲಸಕ್ಕೆ ಹೋಗತೊಡಗಿ ಮೂರು ವರ್ಷ ಆಯಿತು. ಹೆಸರು ನಾನಿಟ್ಟದ್ದು. ಇಲ್ಲಿಯವರ ಬಾಯಲ್ಲಿ 'ಗ' ಹೋಗಿ 'ಹ' ಆಗುತ್ತದೆ. ಯಜಮಾನರು "ಹೌರಿ" ಎಂದು ಕೂಗಿದರೂ ಅವಳು ತಿರುಗಿ ನೋಡುತ್ತಾಳೆ.

ಇಂಥ ದನಕ್ಕೆ ಇಲ್ಲಿ ದಿಕ್‌ಬಿಲ್ ಅನ್ನುತ್ತಾರೆ, ಅಂದರೆ ದಪ್ಪ ಪಿರ್ರೆಯದು. ಮಾಂಸಖಂಡಕ್ಕೆ "ಇಷ್ಟು ಬೆಳೆದದ್ದು ಸಾಕು" ಎಂದು ಹೇಳುವ ಪ್ರೋಟೀನ್ ಮಯೋಸ್ಟ್ಯಾಟಿನ್. ಈ ತಳಿಯಲ್ಲಿ ಅದರ ಜೀನಿನ 11 ಡಿಎನ್‌ಎ ಅಕ್ಷರಗಳು ಬಿಟ್ಟುಹೋಗಿವೆ, ಹಾಗಾಗಿ ಆ ತಡೆ ಕೆಲಸ ಮಾಡುವುದಿಲ್ಲ. ಲಿಯೇಜ್ ವಿಶ್ವವಿದ್ಯಾಲಯದವರು 1997ರಲ್ಲಿ ಇದನ್ನು ತೋರಿಸಿಕೊಟ್ಟರು. ಮಾಂಸಖಂಡದ ನಾರುಗಳ ಸಂಖ್ಯೆಯೇ ಜಾಸ್ತಿ, ಅದೂ ಹುಟ್ಟುವ ಮೊದಲೇ. ಕರು ದಪ್ಪ, ತಾಯಿಯ ಸೊಂಟದ ಎಲುಬಿನ ದಾರಿ ಕಿರಿದು. ಹಾಗಾಗಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕರು ಆಪರೇಷನ್‌ನಿಂದಲೇ ಹೊರಗೆ ಬರುತ್ತವೆ. ಹಸು ನಿಂತಿರುತ್ತದೆ, ಎಡ ಪಕ್ಕೆ ಮರಗಟ್ಟಿಸಿ ಕೊಯ್ಯುತ್ತಾರೆ. ಇಲ್ಲಿನ ಡಾಕ್ಟರುಗಳ ಕೈ ಚೆನ್ನಾಗಿ ಪಳಗಿದೆ, ನಿಜ. ಆದರೆ ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಹಳ್ಳಿಕಾರ್ ಹಸು ರಾತ್ರಿ ತಾನೇ ಈದು, ಬೆಳಿಗ್ಗೆ ಕರು ನೆಕ್ಕುತ್ತಾ ನಿಂತಿರುತ್ತಿತ್ತು. ಅದನ್ನು ನೋಡಿ ಬೆಳೆದವನು ನಾನು. ಇಲ್ಲಿ ಮೊದಲ ಸಲ ಕೊಯ್ದದ್ದು ನೋಡಿದ ದಿನ ಊಟ ಸೇರಲಿಲ್ಲ.

ಬೇರೆ ತಳಿ ಬೆರೆಸಿದರೆ ಸುಲಭ. ಹೋಲ್‌ಸ್ಟೀನ್ ಹಸುವಿಗೆ ಈ ತಳಿಯ ಹೋರಿಯ ವೀರ್ಯ ಕೊಟ್ಟರೆ ಕರುವಿಗೆ ಕೆಟ್ಟ ಜೀನಿನ ಒಂದೇ ಪ್ರತಿ, ಅಪ್ಪನದು ಮಾತ್ರ ಬರುತ್ತದೆ, ಮೈ ಅಷ್ಟು ತುಂಬುವುದಿಲ್ಲ. ಆದರೆ ನಮಗೆ ತಳಿಯೂ ಉಳಿಯಬೇಕು, ಹಸುವೂ ತಾನೇ ಈಯಬೇಕು. ಈ ಪ್ರಯತ್ನಕ್ಕೆ ಯಜಮಾನರು ನಾಲ್ಕು ಹಸು ಬಿಟ್ಟುಕೊಟ್ಟರು.

ಮೊದಲು ಅಳತೆ. ಗುದದ್ವಾರದ ಮೂಲಕ ಅಳತೆ ಸಲಾಕೆ ಹಾಕಿ, ಸೊಂಟದ ಎಲುಬಿನ ಒಳಗಿನ ಎತ್ತರವನ್ನು ಡಾಕ್ಟರು ನೋಡಿದರು. ನಾಲ್ಕರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ! ದೊಡ್ಡದು ಗೌರಿಯದು. ಹಿಂದಿನಿಂದ ನೋಡಿದರೆ ನಾಲ್ಕರಲ್ಲಿ ಅವಳೇ ಸಪ್ಪೆ. ಕಣ್ಣಂದಾಜಿಗೆ ಬಿಟ್ಟಿದ್ದರೆ ಯಾರೂ ಅವಳನ್ನು ಆರಿಸುತ್ತಿರಲಿಲ್ಲ.

ಆಮೇಲೆ ಹೋರಿ. ಹುಟ್ಟಿದಾಗ ಕರುಗಳ ತೂಕ ಕಡಿಮೆ ಇರುವುದನ್ನೇ ಹುಡುಕಿದೆವು. ಸೊಟ್ಟಬಾಲದ ಜೀನ್ ಇಲ್ಲ ಎಂದೂ ಖಾತ್ರಿ ಮಾಡಿಕೊಂಡೆವು. ಆ ದೋಷ ಎರಡು ಪ್ರತಿ ಬಂದರೆ ಬಾಲ ಸೊಟ್ಟ, ಕರು ಗಿಡ್ಡ. ಒಂದೇ ಇದ್ದರೆ ಮೈ ಇನ್ನಷ್ಟು ತುಂಬಿಕೊಳ್ಳುತ್ತದೆ. ಹಾಗಾಗಿ ಜನ ಗೊತ್ತಿಲ್ಲದೇ ವರ್ಷಗಟ್ಟಲೆ ಅದನ್ನೇ ಆರಿಸುತ್ತಾ ಬಂದಿದ್ದರು.

ನಿನ್ನೆ ರಾತ್ರಿ ನೀರುಚೀಲ ಒಡೆದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆವು. ಕರುವಿನ ತಲೆಗೂ ಎಲುಬಿಗೂ ನಡುವೆ ಕೈ ತೂರದಿದ್ದರೆ ಆಪರೇಷನ್ ಎಂದು ಮೊದಲೇ ಮಾತಾಗಿತ್ತು. ಕೈ ತೂರಿತು. ಅವಳು ತಿಣುಕಿದಾಗ ಮಾತ್ರ ಹಗ್ಗ ಎಳೆದೆವು. ತಲೆ ಬಂತು, ಭುಜ ಬಂತು, ಸೊಂಟ ಸಿಕ್ಕಿಕೊಂಡಿತು. ನನ್ನ ಕೈ ನಡುಗಿತು. ಡಾಕ್ಟರು ಕರುವನ್ನು ಸ್ವಲ್ಪ ತಿರುಗಿಸಿದರು, ಸರಕ್ಕನೆ ಜಾರಿ ಹುಲ್ಲಿನ ಮೇಲೆ ಬಿತ್ತು.

ಈ ತಳಿಯ ಕೆಲವು ಕರುಗಳಿಗೆ ನಾಲಿಗೆ ದಪ್ಪ, ಹಾಲು ಚೀಪಲು ಕಷ್ಟ. ಇವಳದೂ ಸ್ವಲ್ಪ ದಪ್ಪ. ಮೊದಲ ಗಿಣ್ಣು ಬಾಟಲಿಯಲ್ಲೇ ಕುಡಿಸಿದೆವು. ಆರು ಗಂಟೆಗೆ ತಾನೇ ಕೆಚ್ಚಲಿಗೆ ಬಾಯಿ ಹಾಕಿದಳು. ಗೌರಿಯ ಕಸವೂ (ಮಾಸು) ಬಿತ್ತು.

ಏಪ್ರಿಲ್‌ನಲ್ಲಿ ಇನ್ನೆರಡು ಈಯಬೇಕು. ನಾಲ್ಕನೆಯದು ಮಾರ್ಚ್ ಕೊನೆಗೆ. ಅದರ ಅಳತೆ ತೀರಾ ಚಿಕ್ಕದು, ಅದಕ್ಕೆ ಆಪರೇಷನ್ನೇ ಎಂದು ಈಗಲೇ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದ್ದೇವೆ.