ಮತ್ತ ಹಾಯಿ ಯಾತಕ?

ಸಂಕ್ರಮಣಕ್ಕೆ ಇನ್ನು ಮೂರು ದಿನ. ಧಾರವಾಡದ ಮಾಳಮಡ್ಡಿಯ ಆ ಮನೆಯ ಹಿತ್ತಲಲ್ಲಿ ಆಯಿ ಕುಸುರೆಳ್ಳು ಮಾಡುತ್ತ ಕೂತಿದ್ದರು. ಮಂದ ಕೆಂಡದ ಮೇಲೆ ಹಿತ್ತಾಳೆ ಪರಾತ, ಅದರಲ್ಲಿ ಎಳ್ಳು, ಪಕ್ಕಕ್ಕೆ ತೆಳುವಾದ ಸಕ್ಕರೆ ಪಾಕ. ಒಂದು ಚಮಚ ಬಿಡುವುದು, ಬೆರಳಿನಿಂದ ಆಡಿಸುವುದು, ಒಣಗಿದ ಮೇಲೆ ಮತ್ತೊಂದು ಚಮಚ. ಅವಸರಕ್ಕೆ ಎರಡು ಸುರಿದರೆ ಎಳ್ಳು ಗಂಟಾಗುತ್ತದೆ, ಮುಳ್ಳು ಏಳುವುದಿಲ್ಲ.

ಅಮೆರಿಕದಿಂದ ಬಂದ ಮೊಮ್ಮಗಳು ಮತ್ತು ಆಕೆಯ ಗಂಡ ಎದುರಿಗೆ ಕುರ್ಚಿ ಹಾಕಿಕೊಂಡು ಫೋಟೋ ತೋರಿಸುತ್ತಿದ್ದರು. ಇಬ್ಬರೇ, 34 ಅಡಿಯ ಹಾಯಿದೋಣಿ, ವರ್ಜೀನಿಯಾದ ನಾರ್‌ಫೋಕ್‌ನಿಂದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ವರೆಗೆ ಹದಿನೆಂಟು ದಿನ. ಸಮುದ್ರಕ್ಕೆ ಇಳಿಯದೆ, ದಂಡೆಯ ಒಳಗಿನ ನದಿ, ಹಿನ್ನೀರು, ಕಾಲುವೆಗಳನ್ನು ಹೆಣೆದು ಮಾಡಿದ ಇಂಟ್ರಾಕೋಸ್ಟಲ್ ವಾಟರ್‌ವೇಯಲ್ಲಿ.

‘ಹಾಯಿ ಬಿಚ್ಚಿ ಹೊಂಟದ್ದು ಎಷ್ಟ ದಿನಾ?’ ಅಂದರು ಆಯಿ.

‘ಆರು ದಿನಾ ಆಯಿ. ಅದೂ ಇಡೀ ದಿನಾ ಅಲ್ಲ.’

‘ಉಳದದ್ದು?’

‘ಇಂಜಿನ್.’

ಆಯಿ ಪರಾತದಿಂದ ಕೈ ತೆಗೆಯಲಿಲ್ಲ. ‘ಮತ್ತ ಹಾಯಿ ಯಾತಕ್ರೀ, ಅಳಿಯಾರ?’

ಅಳಿಯ ನಕ್ಕು ಫೋನಿನಲ್ಲಿ ಮುಂದಿನ ಫೋಟೋಕ್ಕೆ ಹೋದರು. ಮೊಮ್ಮಗಳು ನಗಲಿಲ್ಲ. ನನಗೂ ಆ ನಗು ಸೇರಲಿಲ್ಲ. ದೋಣಿ, ಇಂಜಿನ್‌ಗಳ ಕೆಲಸ ಗೊತ್ತಿದ್ದವರ ನಡುವೆ ಇದು ತಮಾಷೆಯ ಪ್ರಶ್ನೆಯೇ ಅಲ್ಲ. ಆ ಜಲಮಾರ್ಗದಲ್ಲಿ ಹೋಗುವ ಹಾಯಿದೋಣಿಗಳಲ್ಲಿ ಹೆಚ್ಚಿನವು ಹೆಚ್ಚಿನ ಹೊತ್ತು ಇಂಜಿನ್ ಮೇಲೆಯೇ ಹೋಗುತ್ತವೆ. ಆಯಿ ಸಮುದ್ರ ನೋಡಿದ್ದು ಅರಬೈಲ್ ಘಾಟ್ ಇಳಿದು, ಗೋಕರ್ಣದಲ್ಲಿ, ಅಷ್ಟೇ. ಆದರೂ ಕೈ ಇಟ್ಟದ್ದು ಸರಿಯಾದ ಜಾಗಕ್ಕೆ. ವಾರವಿಡೀ ಆ ಮಾತು ತಲೆಯಲ್ಲಿ ಉಳಿಯಿತು. ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆ ದಾಟುವಾಗ ನಡುಗಡ್ಡೆಯ ವಿವೇಕಾನಂದರನ್ನು ನೋಡುತ್ತ ಮತ್ತೆ ಅದೇ: ಮತ್ತ ಹಾಯಿ ಯಾತಕ?

ಹಾಯಿ ಯಾಕೆ ಬಿಚ್ಚಲಿಲ್ಲ ಎನ್ನುವುದನ್ನು ಮೊದಲು ಹೇಳಬೇಕು. ಅಗೆದು ಮಾಡಿದ ಕಾಲುವೆಗಳಲ್ಲಿ ದೋಣಿಯ ದಾರಿಯ ಅಗಲ 90 ಅಡಿಯ ಆಸುಪಾಸು. ಆಳ ಕಾಗದದ ಮೇಲೆ 12 ಅಡಿ, ಹೂಳು ತುಂಬಿದ ಕಡೆ ಅದರ ಅರ್ಧ. ದಾರಿಯ ಆಚೆ ಮೊಣಕಾಲು ನೀರು. ಗಾಳಿ ಎದುರಿನಿಂದ ಬಂದರೆ ಹಾಯಿದೋಣಿ ನೇರ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಏರಬೇಕು. 90 ಅಡಿಯಲ್ಲಿ 34 ಅಡಿಯ ದೋಣಿಯನ್ನು ಹಾಗೆ ಹೊರಳಿಸುವುದೆಂದರೆ ಸಂತೆಯ ದಿನ ಓಣಿಯಲ್ಲಿ ಚಕ್ಕಡಿ ತಿರುಗಿಸಿದ ಹಾಗೆ. ಹಿಂದೆ ಸರಕಿನ ಬಾರ್ಜ್ ಬರುತ್ತಿದ್ದರಂತೂ ಕೇಳುವುದೇ ಬೇಡ.

ಇನ್ನು ಸೇತುವೆಗಳು. ಸ್ಥಿರ ಸೇತುವೆಗಳನ್ನು ತುಂಬು ಉಬ್ಬರದಲ್ಲಿ 65 ಅಡಿ ತೆರವು ಉಳಿಯುವ ಲೆಕ್ಕದಲ್ಲಿ ಕಟ್ಟಿದ್ದಾರೆ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56. ಇವರ ದೋಣಿಯ ಕಂಬ ಆಂಟೆನಾ ಸೇರಿ ನೀರಿನಿಂದ 51 ಅಡಿ, ಚಿಂತೆಯಿಲ್ಲ. ಆದರೂ ಕೆಳಗಿನಿಂದ ನೋಡಿದರೆ ಪ್ರತಿ ಸಲವೂ ಕಂಬ ತಾಗಿಯೇ ತಾಗುತ್ತದೆ ಅನಿಸುತ್ತದೆ. ಹೊಸಬರು ಕತ್ತು ಎತ್ತಿ ಮೇಲೆ ನೋಡುತ್ತಾರೆ, ಅಷ್ಟರಲ್ಲಿ ದೋಣಿ ಪಕ್ಕಕ್ಕೆ ಸರಿದಿರುತ್ತದೆ. ನೋಡಬೇಕಾದ್ದು ಸೇತುವೆಯ ಬುಡದಲ್ಲಿ ಬರೆದ ಅಳತೆಪಟ್ಟಿ. ಆ ಹೊತ್ತಿಗೆ ಎಷ್ಟು ತೆರವಿದೆ ಎಂದು ಅದೇ ಹೇಳುತ್ತದೆ.

ತೆರೆಯುವ ಸೇತುವೆಗಳ ಕತೆ ಬೇರೆ. ಅವಕ್ಕೆ ರೇಡಿಯೋದಲ್ಲಿ ಹೆಸರು ಹಿಡಿದು ಕೇಳಬೇಕು: ವರ್ಜೀನಿಯಾ, ಉತ್ತರ ಕೆರೊಲಿನಾದಲ್ಲಿ 13ನೇ ಚಾನೆಲ್, ದಕ್ಷಿಣ ಕೆರೊಲಿನಾದಿಂದ ಮುಂದೆ 9. ಕೆಲವು ತಮ್ಮ ಗಂಟೆಗೇ ತೆರೆಯುತ್ತವೆ. ಫಿಗರ್ ಏಟ್ ದ್ವೀಪದ ಸೇತುವೆ ಗಂಟೆಗೆ ಮತ್ತು ಅರ್ಧ ಗಂಟೆಗೆ. ಅಲ್ಲಿಂದ ಐದು ಮೈಲಿ ಮುಂದೆ ರೈಟ್ಸ್‌ವಿಲ್ ಬೀಚ್ ಸೇತುವೆ, ಗಂಟೆಗೆ ಒಂದೇ ಸಲ. ಈ ದೋಣಿಯ ವೇಗ ತಾಸಿಗೆ ಆರು ಮೈಲಿ ಚಿಲ್ಲರೆ. ಹನ್ನೊಂದಕ್ಕೆ ಮೊದಲನೆಯದನ್ನು ದಾಟಿದರೆ ಹನ್ನೊಂದು ಐವತ್ತಕ್ಕೆ ಎರಡನೆಯದರ ಮುಂದೆ, ಹತ್ತು ನಿಮಿಷ ಕಾದರೆ ಆಯಿತು. ಹನ್ನೊಂದೂವರೆಗೆ ದಾಟಿದರೆ ನಲವತ್ತು ನಿಮಿಷ ಕಾಯಬೇಕು. ಕಾಯುವುದೆಂದರೆ ನಿಲ್ಲುವುದಲ್ಲ. ಹರಿವು ಸೇತುವೆಯ ಕಡೆಗೇ ಎಳೆಯುತ್ತಿರುತ್ತದೆ, ದೋಣಿಗೆ ಬ್ರೇಕ್ ಇಲ್ಲ, ನಾಲ್ಕೈದು ದೋಣಿ ಅಲ್ಲೇ ಗಿರಕಿ ಹೊಡೆಯುತ್ತಿರುತ್ತವೆ.

ಇವರು ಹನ್ನೊಂದೂವರೆಯದನ್ನು ಹಿಡಿದರು. ಐದು ಮೈಲಿಗೆ ಒಂದೂವರೆ ತಾಸು ಸಿಕ್ಕಿತು. ಗಂಡ ಪೂರ್ತಿ ವೇಗದಲ್ಲಿ ಹೋಗಿ ಮುಂದೆ ಕಾಯೋಣ ಅಂದರು. ಹೆಂಡತಿ ಇಂಜಿನ್ ಬಂದ್ ಮಾಡಿ ಮುಂದಿನ ಹಾಯಿ ಒಂದನ್ನೇ ಬಿಚ್ಚಿದಳು. ಗಾಳಿ ಹಿಂದಿನಿಂದ, ವೇಗ ತಾಸಿಗೆ ಮೂರು ಮೈಲಿ ಚಿಲ್ಲರೆ. ಸೇತುವೆ ಕಂಡ ಮೇಲೆ ಹಾಯಿ ಸುತ್ತಿ ಇಂಜಿನ್ ಹಾಕಿದರು, ಒಂದಕ್ಕೆ ನಾಲ್ಕು ನಿಮಿಷ ಇತ್ತು. ಪ್ರವಾಸದಲ್ಲಿ ಅತ್ಯಂತ ಚೆಂದದ ತಾಸು ಯಾವುದು ಅಂದರೆ ಇಬ್ಬರೂ ಅದನ್ನೇ ಹೇಳುತ್ತಾರೆ, ಗಂಡನೂ. ಆದರೆ ಅದು ತನ್ನದೇ ಲೆಕ್ಕ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಅಳಿಯ ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ಆದರೆ ರಜೆಯನ್ನೂ ಮುಗಿಸಬೇಕಾದ ಕೆಲಸದಂತೆ ಹಿಡಿಯುವ ಜಾತಿ. ದಿನಕ್ಕೆ 60 ಮೈಲಿ ಎಂದು ಅವರು ಹಾಕಿಕೊಂಡಿದ್ದ ಪಟ್ಟಿ ಮೊದಲ ದಿನವೇ ಹರಿಯಿತು. ನವೆಂಬರಿನಲ್ಲಿ ಅಲ್ಲಿ ಬೆಳಕಿರುವುದು ಹತ್ತು ತಾಸು ಚಿಲ್ಲರೆ. ಕತ್ತಲಲ್ಲಿ ಏಡಿ ಬಲೆಯ ಬೆಂಡು ಕಾಣದು, ಅದರ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿದರೆ ನೀರಿಗೆ ಇಳಿದು ಕೊಯ್ಯಬೇಕು. ಸೇತುವೆ, ಲಾಕ್ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಏರಿಳಿಸುವ ಗೇಟಿನ ತೊಟ್ಟಿ) ಕಾಯುವುದನ್ನೂ ಸೇರಿಸಿದರೆ ದಿನಕ್ಕೆ 40-45 ಮೈಲಿ ಸಾಕು. ನಾರ್‌ಫೋಕ್ ಸೊನ್ನೆ ಎಂದರೆ ಚಾರ್ಲ್ಸ್‌ಟನ್ 469ನೇ ಮೈಲಿ. ಅಂದರೆ ಹನ್ನೊಂದು ದಿನದ ಓಟ, ಉಳಿದ ಏಳು ದಿನ ಗಾಳಿ, ಮಳೆ ಮತ್ತು ಸುಮ್ಮನೆ ಕೂರುವುದಕ್ಕೆ.

ಮೊದಲ ದಿನ ಪಟ್ಟಿ ಹರಿದದ್ದು ಡಿಸ್ಮಲ್ ಸ್ವಾಂಪ್ ಕಾಲುವೆಯಲ್ಲಿ. 1805ರಲ್ಲಿ ತೆರೆದ ಕಾಲುವೆ ಅದು. ಗುಲಾಮರನ್ನು ಜೌಗಿನಲ್ಲಿ ಸೊಂಟಮಟ ನಿಲ್ಲಿಸಿ ಕೈಯಿಂದ ಅಗೆಸಿದ್ದು. ಎರಡು ತುದಿಗೆ ಎರಡು ಲಾಕ್, ಒಂದು ದೋಣಿಯನ್ನು ಎಂಟು ಅಡಿ ಎತ್ತುತ್ತದೆ, ಇನ್ನೊಂದು ಅಷ್ಟೇ ಇಳಿಸುತ್ತದೆ. ಗೇಟು ತೆರೆಯುವುದು ದಿನಕ್ಕೆ ನಾಲ್ಕೇ ಸಲ. ನೀರು ಕಡು ಚಹಾದ ಬಣ್ಣ, ಮರಗಳ ಒಗರು ಇಳಿದು ಇಳಿದು ಹಾಗಾಗಿದೆ. ಫೋಟೋದಲ್ಲಿ ಬಿಳಿ ದೋಣಿಯ ಮೂತಿಗೆ ಕಂದು ಮೀಸೆ ಬಂದಿತ್ತು. ‘ಲಿಂಬಿ ಹಣ್ಣ ಹಚ್ಚಿ ತಿಕ್ಕಬೇಕಿತ್ತು’ ಅಂದರು ಆಯಿ. ಅಲ್ಲಿಯವರೂ ಅದನ್ನೇ ಮಾಡುತ್ತಾರೆ, ಲಿಂಬೆ ರಸ ಅಥವಾ ಆಕ್ಸಾಲಿಕ್ ಆಮ್ಲದ ಪುಡಿ.

ಆ ಕಾಲುವೆಯ ಮೇಲೆ ಹಸಿರು ಪಾಚಿಯಂಥ ಪುಟ್ಟ ಎಲೆಯ ಕಳೆ ಹರಡಿಕೊಂಡಿರುತ್ತದೆ. ಅನಾಹುತ ಶುರುವಾದದ್ದು ಅದರಿಂದಲೇ, ಬಯಲಾದದ್ದು ಮಾತ್ರ ಮುಂದೆ, ಆಲ್ಬೆಮಾರ್ಲ್ ಸೌಂಡ್ ಎಂಬ ಅಗಲದ ಹಿನ್ನೀರಿಗೆ ಹೋಗುವ ದಾರಿಯಲ್ಲಿ. ಇಂಜಿನ್ ತಣ್ಣಗಿಡಲು ಹೊರಗಿನ ನೀರನ್ನು ಎಳೆಯುತ್ತಾರೆ. ದೋಣಿಯ ತಳದಲ್ಲಿ ಒಂದು ವಾಲ್ವ್, ಆಮೇಲೆ ಕಸ ಹಿಡಿಯುವ ಜಾಳಿಗೆ, ಆಮೇಲೆ ರಬ್ಬರಿನ ಎಸಳುಗಳಿರುವ ಇಂಪೆಲ್ಲರ್ ಪಂಪು. ಜಾಳಿಗೆ ಕಳೆಯಿಂದ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬೇಕು. ಅದಕ್ಕೆ ಮೊದಲು ವಾಲ್ವ್ ಮುಚ್ಚಬೇಕು, ಇಲ್ಲವಾದರೆ ನೀರು ಒಳಗೇ ನುಗ್ಗುತ್ತದೆ. ಇಲ್ಲಿಯವರೆಗೆ ಎಲ್ಲರೂ ಸರಿ ಮಾಡುತ್ತಾರೆ. ತೊಳೆದ ಮೇಲೆ ವಾಲ್ವ್ ಮತ್ತೆ ತೆರೆಯಲು ಮರೆಯುತ್ತಾರೆ. ಅಳಿಯ ಮರೆತರು. ಇಂಪೆಲ್ಲರ್ ಒಣಗಿ ತಿರುಗಿತು. ಆ ರಬ್ಬರಿಗೆ ನೀರೇ ಎಣ್ಣೆ, ಒಂದೆರಡು ನಿಮಿಷದಲ್ಲಿ ಎಸಳು ಹರಿಯುತ್ತವೆ. ಚಾಲೂ ಮಾಡಿದ ತಕ್ಷಣ ಹಿಂದೆ ಬಗ್ಗಿ, ಹೊಗೆ ಕೊಳವೆಯಿಂದ ನೀರು ಉಗುಳುತ್ತಿದೆಯೇ ಎಂದು ನೋಡಿದ್ದರೆ ಸಾಕಿತ್ತು. ಬಿಸಿಯ ಗಂಟೆ ಹೊಡೆದಾಗ ದೋಣಿ ದಾರಿಯ ಅಂಚಿನಲ್ಲಿತ್ತು, ಪಕ್ಕದಲ್ಲಿ ಮೂರು ಅಡಿ ನೀರು, ದೋಣಿಯ ತಳದಿಂದ ಕೆಳಕ್ಕೆ ಇಳಿದ ರೆಕ್ಕೆಗೆ, ಅಂದರೆ ಕೀಲ್‌ಗೆ, ಬೇಕಾದ್ದು ಐದು.

ಇದನ್ನು ಹೇಳಿದ್ದು ಮೊಮ್ಮಗಳು, ಗಂಡ ಬಜಿ ತರಲು ಹೋದಾಗ. ಇಂಜಿನ್ ಬಂದ್ ಆದ ಅರ್ಧ ನಿಮಿಷದಲ್ಲಿ ಆಕೆ ಮುಂದಿನ ಹಾಯಿಯ ಹಗ್ಗ ಎಳೆದಿದ್ದಳು. ದೋಣಿ ಮೆಲ್ಲಗೆ ಮೂತಿ ತಿರುಗಿಸಿ ಆಳದ ಕಡೆ ಬಂತು. ದಾರಿಯ ಹೊರಗೆ ಎಂಟು ಅಡಿ ನೀರಿರುವಲ್ಲಿ ಲಂಗರು ಬಿಟ್ಟರು.

ಲಂಗರಿನ ಲೆಕ್ಕದಲ್ಲೂ ಜನ ತಪ್ಪುತ್ತಾರೆ. ಆಳದ ಐದು ಪಟ್ಟು ಹಗ್ಗ ಎಂದು ಕಲಿತು, ಎಂಟೈದ್ಲೆ ನಲವತ್ತು ಎಂದು ಬಿಟ್ಟುಬಿಡುತ್ತಾರೆ. ಅಳೆಯಬೇಕಾದ್ದು ನೀರಿನ ಮೇಲ್ಮೈಯಿಂದಲ್ಲ, ದೋಣಿಯ ಮೂತಿಯಿಂದ: ಎಂಟಕ್ಕೆ ನಾಲ್ಕು ಸೇರಿಸಿ ಹನ್ನೆರಡು, ಐದು ಪಟ್ಟು ಅರವತ್ತು. ಚಾರ್ಲ್ಸ್‌ಟನ್ ಹತ್ತಿರ ಉಬ್ಬರಕ್ಕೆ ಇನ್ನೂ ಐದಾರು ಅಡಿ ಕೂಡಿಸಬೇಕು, ಆಗ ತೊಂಬತ್ತರ ಹತ್ತಿರ ಹೋಗುತ್ತದೆ. ಸಂಜೆ ಸಾಕಾದ ಹಗ್ಗ ನಡುರಾತ್ರಿ ಉಬ್ಬರದಲ್ಲಿ ಗಿಡ್ಡಾಗಿ ಲಂಗರನ್ನು ಕಿತ್ತುಕೊಳ್ಳುವುದು ಹೀಗೇ.

ಲಂಗರು ಹಿಡಿದ ಮೇಲೆ ಇಂಪೆಲ್ಲರ್ ಬದಲಿಸಿದರು, ಮುಕ್ಕಾಲು ತಾಸು ಹಿಡಿಯಿತು. ಹಳೆಯದರಲ್ಲಿ ಎರಡು ಎಸಳು ಇರಲಿಲ್ಲ. ಅಳಿಯನಿಗೆ ಹೊಸದು ಹಾಕಿ ಹೊರಡುವ ಅವಸರ. ಮೊಮ್ಮಗಳು ಬಿಡಲಿಲ್ಲ, ಆ ಎರಡು ಚೂರು ಸಿಗುವವರೆಗೆ ಕೊಳವೆ ಬಿಚ್ಚಿ ಹುಡುಕಿಸಿದಳು. ಇಂಜಿನ್ನಿನ ಬಿಸಿಯನ್ನು ಆ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಸಿಕ್ಕವು. ಬಿಟ್ಟಿದ್ದರೆ ಅವೇ ನೀರಿನ ದಾರಿ ಕಟ್ಟಿ ಮಾರನೇ ದಿನ ಮತ್ತೆ ಗಂಟೆ ಹೊಡೆಯುತ್ತಿತ್ತು. ಕಳಚಿದ್ದನ್ನು ಎಣಿಸದೆ ಮುಚ್ಚಬಾರದು ಎಂದು ಆಕೆಗೆ ಯಾರೂ ಕಲಿಸಿದ್ದಲ್ಲ. ಧಾರವಾಡದ ಹುಡುಗಿ. ಎಂಟು ದಿನಕ್ಕೊಮ್ಮೆ ನಳ ಬರುವ ಕಾಲದಲ್ಲಿ ಬೆಳೆದವಳು. ದೋಣಿಯ ಟಾಕಿಯಲ್ಲಿ 227 ಲೀಟರ್ ಸಿಹಿನೀರು, ಇಬ್ಬರಿಗೆ ಒಂಬತ್ತು ದಿನ ತಂದಳು: ಪಾತ್ರೆಗೆ ಮೊದಲು ಹೊರಗಿನ ನೀರು, ಕಡೆಗೊಂದು ಲೋಟ ಸಿಹಿನೀರು. ಮೋಟರಿನ ನಳ ಮುಚ್ಚಿ ಕಾಲಿನಿಂದ ಒತ್ತುವ ಪಂಪನ್ನೇ ಬಳಸಿದಳು. ಅಲ್ಲಿಯವರು ಕ್ಲಾಸಿಗೆ ಹೋಗಿ ಕಲಿಯುವುದು ಇವಳಿಗೆ ಹಿತ್ತಲಲ್ಲೇ ಬಂದಿತ್ತು.

ಆಯಿಯ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು ಅನ್ನಬಹುದು. ಇಂಜಿನ್ ಕೈಕೊಟ್ಟ ಆ ಒಂದು ನಿಮಿಷಕ್ಕೆ ಹಾಯಿ ಬೇಕು. ಆದ್ದರಿಂದಲೇ ತಿಳಿದವರು ಕಾಲುವೆಯಲ್ಲಿ ಹೋಗುವಾಗಲೂ ಅದಕ್ಕೆ ಹೊದಿಕೆ ಹಾಕಿ ಬಿಗಿಯುವುದಿಲ್ಲ, ಎಳೆದರೆ ಬಿಚ್ಚುವಂತೆ ಇಟ್ಟಿರುತ್ತಾರೆ.

ಇನ್ನರ್ಧ ಕೆಸರಿಗೆ ಸಂಬಂಧಿಸಿದ್ದು. ಒಮ್ಮೆ ಇವರ ದೋಣಿ ಕಚ್ಚಿಕೊಂಡಿತು, ನ್ಯೂಸ್ ನದಿಗೆ ಇಳಿಯುವ ಮೊದಲು. ಉಬ್ಬರ ಬರಲಿ, ತಾನೇ ಏಳುತ್ತದೆ ಎಂದು ಕೂರುವ ಹಾಗಿಲ್ಲ. ಪಾಮ್ಲಿಕೊ, ಆಲ್ಬೆಮಾರ್ಲ್ ಕಡೆ ಉಬ್ಬರ-ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನೀರು ಏರಿಳಿಯುವುದು ಗಾಳಿಯಿಂದ, ಒಂದು ದಿಕ್ಕಿನ ಗಾಳಿ ದಿನವಿಡೀ ಬೀಸಿದರೆ ಒಂದೆರಡು ಅಡಿ ನೀರು ಆ ತುದಿಗೆ ಹೋಗಿ ಕೂರುತ್ತದೆ. ಮುಂದಕ್ಕೆ ಜೋರು ಕೊಟ್ಟರೆ ಇನ್ನಷ್ಟು ಹೂಳುತ್ತದೆ. ದೊಡ್ಡ ಹಾಯಿಯನ್ನು ಎತ್ತಿ ಬಿಗಿಯಾಗಿ ಎಳೆದರು, ಗಾಳಿ ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿತು. ವಾಲಿದರೆ ಕೀಲ್ ಓರೆಯಾಗಿ ಐದು ಅಡಿ ನಾಲ್ಕೂವರೆ ಆಗುತ್ತದೆ. ಗಂಡ ಆ ಮಗ್ಗುಲಿನ ಅಂಚಿಗೆ ಹೋಗಿ ಭಾರ ಹಾಕಿ ನಿಂತರು, ಹೆಂಡತಿ ಬಂದ ದಾರಿಗೇ ಮೂತಿ ತಿರುಗಿಸಿದಳು, ಕೆಸರು ಬಿಟ್ಟಿತು. ಆ ಕೆಲಸ ಇಂಜಿನ್ ಒಂದರಿಂದಲೇ ಆಗುತ್ತಿರಲಿಲ್ಲ.

ಬಣ್ಣದ ಗುರುತುಗಳ ಬಗ್ಗೆ ಇಬ್ಬರಿಗೂ ಇನ್ನೂ ಜಗಳವಿದೆ. ದಕ್ಷಿಣಕ್ಕೆ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ, ಇದು ಸಾಮಾನ್ಯ. ಕೇಪ್ ಫಿಯರ್ ನದಿಗೆ ಬಂದರೆ ಆ ನದಿಯ ಗುರುತುಗಳೇ ಬೇರೆ, ಅವನ್ನು ಸಮುದ್ರದಿಂದ ಒಳಬರುವ ಹಡಗಿಗೆ ನೆಟ್ಟಿದ್ದಾರೆ, ಕೆಂಪು ಎಡಕ್ಕೆ ಬಂದುಬಿಡುತ್ತದೆ. ಅಲ್ಲಿ ಬಣ್ಣ ನೋಡಬಾರದು, ಗುರುತಿನ ಮೇಲಿನ ಸಣ್ಣ ಹಳದಿ ಚಿಹ್ನೆ ನೋಡಬೇಕು: ತ್ರಿಕೋನ ಬಲಕ್ಕೆ, ಚೌಕ ಎಡಕ್ಕೆ. ಅಳಿಯ ಬಣ್ಣವನ್ನೇ ನಂಬಿದ್ದರಂತೆ. ಪಾಪ, ಈ ತಪ್ಪಿಗೆ ಅವರನ್ನು ಬೈಯಲಾರೆ, ಎಂಥವರೂ ಒಮ್ಮೆ ಮಾಡುತ್ತಾರೆ.

ಬಜಿ ಬಂದವು. ಆಯಿಗೆ ಇಂಪೆಲ್ಲರ್ ಎಂಬ ಮಾತು ಬಾಯಲ್ಲಿ ನಿಲ್ಲಲಿಲ್ಲ, ಸಂಗತಿ ಮಾತ್ರ ಒಂದೇ ಸಲಕ್ಕೆ ತಿಳಿದಿತ್ತು. ‘ನಮ್ಮ ಸಂಪಿನ ಮೋಟರ ಇದ್ದಂಗ ಅನ್ನ. ನೀರ ಇಲ್ಲದ ತಿರುಗಿದ್ರ ಸುಡತೈತಿ. ಅದಕ್ಕ ನಾ ಸಂಪ್ ಖಾಲಿ ಆದ ದಿನಾ ಬಟನ್ನಿಗೆ ಕೆಂಪ ಅರಿವಿ ಕಟ್ಟತೀನಿ.’

‘ನಾವೂ ಹಂಗ ಮಾಡೇವಿ ಆಯಿ,’ ಅಂದಳು ಮೊಮ್ಮಗಳು. ‘ವಾಲ್ವ್ ಮುಚ್ಚಿದ ಕೂಡ್ಲೆ ಇಂಜಿನ್ ಕೀಲಿ ತಂದು ಅದರ ಹಿಡಿಕಿಗೆ ತೂಗ ಹಾಕೂದು. ಕೀಲಿ ಬೇಕಂದ್ರ ಅಲ್ಲಿಗೇ ಹೋಗಬೇಕು. ಹೋದ್ರ ತೆಗಿಯೂದು ನೆನಪಾಗತೈತಿ.’

‘ದೋಣಿ ಈಗ ಎಲ್ಲೈತಿ?’

‘ಚಾರ್ಲ್ಸ್‌ಟನ್‌ನಾಗ, ದಂಡಿ ಮ್ಯಾಲ ಎತ್ತಿಸಿ ಇಟ್ಟೇವಿ. ವಾಲ್ವ್ ಮುಚ್ಚೇತಿ.’

‘ಮತ್ತ ಕೀಲಿ?’

ಮೊಮ್ಮಗಳು ಗಂಡನ ಕಡೆ ನೋಡಿದಳು. ಅಳಿಯ ಬಜಿಯ ಎಣ್ಣೆ ಒರೆಸಿಕೊಂಡು ಕಿಸೆಗೆ ಕೈ ಹಾಕಿದರು. ಗೊಂಚಲಿನಲ್ಲಿ ಮಾಳಮಡ್ಡಿ ಮನೆಯ ಕೀಲಿಯ ಜೊತೆಗೇ ಇತ್ತು, ತೇಲುವ ಬೆಂಡಿನ ಸಮೇತ.

ಆಯಿ ಇನ್ನೊಂದು ಚಮಚ ಪಾಕ ಬಿಟ್ಟರು.