ಸುಳ್ಳು ಲೈಕಾ, ನಿಜವಾದ ಬೂಷ್ಟು

ಜೂನ್ 4

ಮೂರನೇ ಸುಳ್ಳು ಲೈಕಾ ಮನೆಗೆ ಬಂತು, ಅಂದರೆ ಹಳೇ ಜರ್ಮನ್ ಲೈಕಾ ಕ್ಯಾಮೆರಾದ ನಕಲು. ಹಿತ್ತಾಳೆ ಬಣ್ಣದ ಮೈ, ಮೇಲೆ ಒಲಿಂಪಿಕ್ಸ್‌ನ ಐದು ಉಂಗುರ, ‘ಬರ್ಲಿನ್ 1936’ ಅಂತ ಕೆತ್ತನೆ, ಅದರ ಕೆಳಗೆ ಲೈಕಾ ಮಾಡುತ್ತಿದ್ದ ಅರ್ನ್ಸ್ಟ್ ಲೈಟ್ಸ್ ಹೆಸರು. ಮಾರಿದವರು ‘ಅಜ್ಜನ ಕಾಲದ ಜರ್ಮನ್ ಮಾಲು ಸಾರ್’ ಅಂದರು. ನಾನು ಹೂಂ ಅಂದು ಸುಮ್ಮನಾದೆ. ನಕಲಿ ಅಂತ ಗೊತ್ತಿದ್ದೇ ತಗೊಂಡಿದ್ದು. ಅಸಲಿ ಕೊಳ್ಳೋ ತಾಕತ್ತು ಇಲ್ಲ ಅನ್ನೋದು ಬೇರೆ ಮಾತು.

ಮನೆಗೆ ಬಂದ ಕೂಡಲೇ ಲೆನ್ಸ್ ತಿರುಗಿಸಿ ಬಿಚ್ಚಿದೆ. ಲೆನ್ಸ್ ಕೂರುವ ಬಾಯಿಯ ಒಳಗೆ, ಮೇಲ್ಭಾಗದಲ್ಲಿ, ಫೋಕಸ್ ಜೊತೆ ಹಿಂದೆ ಮುಂದೆ ಆಡುವ ಒಂದು ಕೈ ಇರುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ಪುಟ್ಟ ಗಾಲಿ. ಇದರಲ್ಲಿ ಇದ್ದಿದ್ದು ನಾಲಿಗೆಯ ತುದಿಯ ಹಾಗಿನ ಚಪ್ಪಟೆ ತುಂಡು. ಮುಗಿಯಿತಲ್ಲ, ಸೋವಿಯತ್ ಮಾದರಿ. ಮೇಲ್ಗಡೆ ಹದ್ದು, ಉಂಗುರ ಏನು ಬೇಕಾದರೂ ಕೆತ್ತಿಬಿಡುತ್ತಾರೆ. ಒಳಗಿನ ಈ ತುಂಡಿಗೆ ಕೈ ಹಾಕುವ ಗೋಜಿಗೆ ಹೋಗೋರು ಕಮ್ಮಿ.

ಲೆನ್ಸ್ ಮೇಲೂ ಲೈಕಾದ ಲೆನ್ಸ್ ಹೆಸರು ‘ಎಲ್ಮಾರ್’ ಅಂತ ಬರೆದಿದೆ. ಎಲ್ಮಾರ್‌ನಲ್ಲಿ ಅಪರ್ಚರ್ ಎಲೆಗಳು (ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವವು) ಮುಂದಿನ ಗಾಜಿನ ಬೆನ್ನಿಗೇ ಇರುತ್ತವೆ. ಇದರಲ್ಲಿ ಎರಡನೇ ಗಾಜಿನ ಹಿಂದೆ ಕೂತಿವೆ. ಅಂದರೆ ಇದು ಸೋವಿಯತ್ ಲೆನ್ಸ್ ಇಂಡಸ್ಟಾರ್, ಹೆಸರು ಮಾತ್ರ ಸಾಲ ತಂದದ್ದು.

ಜೂನ್ 5

ಇವತ್ತಿನದು ಮಜಾ. ಕರೆಂಟ್ ಹೋಗಿತ್ತು, ಟಾರ್ಚ್ ಹಿಡಿದು ಕ್ಯಾಮೆರಾ ಒರೆಸುತ್ತಾ ಕೂತಿದ್ದೆ. ಬೆಳಕು ಓರೆಯಾಗಿ ಬಿದ್ದಾಗ ಮೇಲಿನ ತಗಡಿನಲ್ಲಿ, ಲೈಕಾ ಹೆಸರಿನ ಅಡಿಯಲ್ಲಿ, ಮಾಸಿದ ನೆರಳೊಂದು ಕಂಡಿತು. ಸೊನ್ನೆಯ ನಡುವೆ ಒಂದು ಉದ್ದ ಗೆರೆ ಎಳೆದ ಹಾಗೆ. ರಷ್ಯನ್ ಲಿಪಿಯ ‘ಫ’! ಉಜ್ಜಿ ತೆಗೆದರೂ ಪೂರ್ತಿ ಹೋಗಿಲ್ಲ. ಲೈಕಾದ ಸೋವಿಯತ್ ನಕಲುಗಳಲ್ಲಿ ಜೋರ್ಕಿ, ಫೆಡ್ ಎರಡೂ ಇವೆ. ಹಾಗಾದರೆ ಇದು ಜೋರ್ಕಿ ಅಲ್ಲ, ಫೆಡ್.

ಫೆಡ್ ಕತೆ ನನಗೆ ಲೈಕಾ ಕತೆಗಿಂತ ಇಷ್ಟ. ಲೈಕಾ 2 ಬಂದದ್ದು 1932ರಲ್ಲಿ. ಅದನ್ನೇ ಮುಂದಿಟ್ಟುಕೊಂಡು ಉಕ್ರೇನಿನ ಖಾರ್ಕಿವ್‌ನಲ್ಲಿ ನಕಲು ಮಾಡಿದರು, 1934ರಿಂದ ಮಾರಾಟಕ್ಕೇ ತಯಾರಾಗತೊಡಗಿತು. ಮಾಡಿದವರು ಯಾರು ಅಂದುಕೊಂಡಿರಿ? ಶಿಕ್ಷಣತಜ್ಞ ಅಂತೋನ್ ಮಕರೆಂಕೊ ನಡೆಸುತ್ತಿದ್ದ ಕಮ್ಯೂನಿನ ಹುಡುಗರು, ಬೀದಿಪಾಲಾಗಿದ್ದ ಅನಾಥ ಮಕ್ಕಳು. ಫೆಡ್ ಅಂದರೆ ಸೋವಿಯತ್ ಗುಪ್ತ ಪೊಲೀಸರ ಮೊದಲ ಮುಖ್ಯಸ್ಥ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿ ಹೆಸರಿನ ಮೊದಲಕ್ಷರಗಳು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಪ್ರವಾಸಿಗರಿಗೆ ಮಾರಲು ಇಂಥವನ್ನೇ ಉಜ್ಜಿ, ಹಿಟ್ಲರ್ ಕಾಲದ ಜರ್ಮನ್ ಗುರುತು ಕೆತ್ತಿದರು. ಆ ಜೆರ್ಜಿನ್ಸ್ಕಿ ಎದ್ದು ಬಂದು ನೋಡಿದರೆ ಏನಂದಾನೋ.

ಗೆಳೆಯನೊಬ್ಬ ‘ಆ ಉಂಗುರ ಎಲ್ಲ ಉಜ್ಜಿ ತೆಗಿ’ ಅಂದ. ತೆಗೆಯಲ್ಲ. ಒಂದು ಸಲ ಉಜ್ಜಿಸಿಕೊಂಡಿದೆ, ಸಾಕು.

ಜೂನ್ 12

ಫೋಕಸ್ ಉಂಗುರ ಕಲ್ಲಿನ ಹಾಗಿತ್ತು. ಹಳೇ ಗ್ರೀಸ್ ಒಣಗಿ ಅಂಟಾಗಿದೆ. ಲೈಟರ್‌ಗೆ ಹಾಕುವ ನಾಫ್ತಾ ಎರಡು ಹನಿ ಬಿಟ್ಟು, ಕಾದು, ನಿಧಾನಕ್ಕೆ ತಿರುಗಿಸಿದೆ. ಇಲ್ಲೊಂದು ವಿಷಯ. ಈ ಮರೆ (ಸ್ಕ್ರೂನಂಥ ಸುತ್ತು) ಬಿಚ್ಚುವಾಗ ಎರಡು ಭಾಗ ಎಲ್ಲಿ ಬೇರೆಯಾಗುತ್ತವೋ ಅಲ್ಲೇ ಸೂಜಿಯಿಂದ ಗುರುತು ಹಾಕಬೇಕು. ಒಳಗೆ ಒಂದೇ ಮರೆ ಇರಲ್ಲ, ಹಲವು ಒಟ್ಟಿಗೆ ಶುರುವಾಗುತ್ತವೆ. ತಪ್ಪು ಕಡೆ ಕೂಡಿಸಿದರೆ ಚೆನ್ನಾಗೇ ತಿರುಗುತ್ತದೆ, ಫೋಕಸ್ ಮಾತ್ರ ಎಲ್ಲೋ ಹೋಗಿರುತ್ತದೆ. ಮೊದಲ ಕ್ಯಾಮೆರಾದಲ್ಲಿ ಗುರುತು ಹಾಕದೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಶಟರ್ ಒಳಕ್ಕೆ ಎಣ್ಣೆ ಬಿಟ್ಟಿಲ್ಲ. ಬಿಡಬೇಡಿ ಕೂಡ. ಅದು ಹರಿದು, ಫಿಲ್ಮ್ ಮುಂದೆ ಸರಿದು ಬೆಳಕು ಬಿಡುವ ಬಟ್ಟೆ ಪರದೆಗೆ ಹತ್ತುತ್ತದೆ.

ಜೂನ್ 15

ಪರದೆ ನೋಡಿದೆ. ರಬ್ಬರ್ ಬಳಿದ ಕಪ್ಪು ಬಟ್ಟೆ. ಮುಚ್ಚಳ ಹಾಕದೆ ಬಿಸಿಲಿಗೆ ಮುಖ ಮಾಡಿ ಇಟ್ಟರೆ ಲೆನ್ಸ್ ಭೂತಗನ್ನಡಿ ಕೆಲಸ ಮಾಡಿ ತೂತು ಸುಡುತ್ತದೆ. ರಾತ್ರಿ ದೀಪ ಆರಿಸಿ, ಶಟರ್ ತಿರುಗಿಸಿ ಬಿಗಿ ಮಾಡಿ, ಮುಂದಿನಿಂದ ಟಾರ್ಚ್ ಬಿಟ್ಟು ಕೆಳಗಿನ ಸಂದಿಯಿಂದ ಇಣುಕಿದೆ. ಎರಡು ನಕ್ಷತ್ರ, ಅಂದರೆ ಎರಡು ತೂತು. ಬಟ್ಟೆಗೆ ಬಳಿಯುವ ಕಪ್ಪು ಬಣ್ಣವನ್ನು ಹಲ್ಲುಕಡ್ಡಿಯಲ್ಲಿ ತೆಳ್ಳಗೆ ಮುಟ್ಟಿಸಿದೆ. ದಪ್ಪ ಆದರೆ ಪರದೆ ಸುತ್ತಿಕೊಳ್ಳುವಾಗ ತಡೆಯುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ಪೂರ್ತಿ ಕತ್ತಲೆ. ಖುಷಿ.

ಜುಲೈ 3

ಬೇಸರದ ದಿನ. ಎರಡನೇ ಕ್ಯಾಮೆರಾ ತೆಗೆದರೆ ಲೆನ್ಸ್ ಒಳಗೆ ಜೇಡನ ಬಲೆಯಂಥ ಎಳೆ. ಬೂಷ್ಟು. ತಪ್ಪು ನನ್ನದೇ. ಅದರ ಜೊತೆ ಬಂದಿದ್ದ ಚರ್ಮದ ಚೀಲ ಚೆಂದ ಇದೆ ಅಂತ ಅದರಲ್ಲೇ ಇಟ್ಟಿದ್ದೆ. ತೀರ್ಥಹಳ್ಳಿ ಮಳೆಯಲ್ಲಿ ಚರ್ಮ ನೀರು ಕುಡಿದು ಕೂರುತ್ತದೆ, ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ಇದು. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಹತ್ತಿಗೆ ಹಾಕಿ ಒರೆಸಿದೆ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಎಳೆ ಹೋಯಿತು, ಅದು ತಿಂದ ಗುರುತು ಹೋಗಲಿಲ್ಲ.

ಈಗ ಮೂರೂ ಅಡುಗೆಮನೆಯ ಡಬ್ಬದಲ್ಲಿವೆ, ರಬ್ಬರ್ ಅಂಚಿನ ದೊಡ್ಡದು. ಅಮ್ಮನಿಗೆ ಹಪ್ಪಳದ ಡಬ್ಬ ಹೋಯಿತು ಅಂತ ಸಿಟ್ಟು. ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಹಾಲ್‌ನಲ್ಲಿ ತೇವ ಶೇ 86, ಡಬ್ಬದಲ್ಲಿ 45. ನಲವತ್ತರಿಂದ ಐವತ್ತರ ನಡುವೆ ಇದ್ದರೆ ಸಾಕು. ತೀರಾ ಒಣಗಿಸಿದರೆ ಗ್ರೀಸ್, ಚರ್ಮಕ್ಕೆ ಒಳ್ಳೇದಲ್ಲ ಅಂತಾರೆ. ಜೆಲ್ ಕೇಸರಿಯಿಂದ ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯುತ್ತೇನೆ. ಈ ಬಾಣಲೆ ನನ್ನದೇ, ಜಗಳ ಇಲ್ಲ.

ಜುಲೈ 19

ಮಳೆ ಎರಡು ದಿನ ಬಿಡುವು ಕೊಟ್ಟಿತು. ಎದುರು ಗುಡ್ಡದ ಮೊಬೈಲ್ ಟವರ್ ನೋಡುತ್ತಾ, ಮುಂದಿನ ಪುಟ್ಟ ಸ್ಕ್ರೂ ತಿರುಗಿಸಿ ದೂರ ಅಳೆದು ಫೋಕಸ್ ತೋರಿಸುವ ರೇಂಜ್‌ಫೈಂಡರ್‌ನ ಎರಡು ಬಿಂಬ ಒಂದಾಗಿಸಿದೆ. ಫಿಲ್ಮ್ ತುದಿಯನ್ನು ಹತ್ತು ಸೆಂಟಿಮೀಟರ್‌ನಷ್ಟು ಕತ್ತರಿಸಿ ಕಿರಿದು ಮಾಡಿ, ಕೆಳಗಿನಿಂದ ತುಂಬಿದೆ. ಇಲ್ಲದಿದ್ದರೆ ಫಿಲ್ಮ್ ಪರದೆಗೆ ಸಿಕ್ಕಿಕೊಳ್ಳುತ್ತದೆ. ಎಚ್‌ಪಿ5 ಅನ್ನೋ ಕಪ್ಪು-ಬಿಳುಪು ಫಿಲ್ಮ್ ರೀಲ್, ಒಂದೇ ಸಂಜೆಯಲ್ಲಿ ಮುಗಿಸಿದೆ.

ಜುಲೈ 21

ಮನೆಯಲ್ಲೇ ತೊಳೆದೆ. ಡಿ-76 ಅನ್ನೋ ಡೆವಲಪರ್ ದ್ರಾವಣ, ನೀರಿಗೆ ಐಸ್ ಹಾಕಿ 20 ಡಿಗ್ರಿಗೆ ತಂದು ಏಳೂವರೆ ನಿಮಿಷ. ತುಂಗೆಯ ದಡ, ಕಮಾನು ಸೇತುವೆ, ಒಣಗಲು ಹಾಕಿದ ಕೊಡೆಗಳು, ಎಲ್ಲ ಚೂಪಾಗೇ ಬಂದಿವೆ. ಆದರೆ ನಾಲ್ಕು ಚಿತ್ರದಲ್ಲಿ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಉಳಿದವುಗಳಲ್ಲಿ ಇಲ್ಲ.

ಅರ್ಧ ಗಂಟೆ ನೋಡಿದ ಮೇಲೆ ಹೊಳೆಯಿತು. ಆ ನಾಲ್ಕೂ ನಾನು ಕ್ಲಿಕ್ಕಿಸಿ, ಮುಂದಕ್ಕೆ ತಿರುಗಿಸದೆ, ಕೊರಳಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆದಾಗಿನವು. ಶಟರ್ ಬಿಗಿಯಾಗಿದ್ದರೆ ಫಿಲ್ಮ್ ಮುಂದೆ ಇರುವುದು ಮೊದಲ ಪರದೆ, ಬಿಟ್ಟ ಮೇಲೆ ಎರಡನೆಯದು. ಜೂನ್‌ನಲ್ಲಿ ನಾನು ಟಾರ್ಚ್ ಹಿಡಿದಿದ್ದು ಬಿಗಿ ಮಾಡಿದ ಶಟರ್‌ಗೆ ಮಾತ್ರ. ಈಗ ಹಾಗೇ ಬಿಟ್ಟು ನೋಡಿದೆ, ಬಲಗಡೆ ಮೂಲೆಯಲ್ಲಿ ಒಂಟಿ ನಕ್ಷತ್ರ. ಕಪ್ಪು ಬಣ್ಣದ ಶೀಶೆ ಗಟ್ಟಿಯಾಗಿದೆ, ನಾಳೆ ಪೇಟೆಗೆ ಹೋದಾಗ ಹೊಸದು ತರಬೇಕು.