ಆರು ದಿನ ಸತ್ಯವೋ, 454 ಕೋಟಿ ವರ್ಷ ಸತ್ಯವೋ?

ಮಂಜೇಶ್ವರ, ಬೇಳ, ಕುಂಬಳೆ ಕಡೆಯ ಕನ್ನಡ ಶಾಲೆಯ ಮಕ್ಕಳು ವಾರವಿಡೀ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಓದಿ, ಭಾನುವಾರ ಚರ್ಚಿನ ದೊತೊರ್ನ್ (ಧರ್ಮಬೋಧನೆ) ತರಗತಿಗೆ ಬಂದಾಗ ಕೇಳುವ ಪ್ರಶ್ನೆ ಇದು: "ಟೀಚರ್, ದೇವರು ಆರು ದಿನದಲ್ಲಿ ಲೋಕ ಸೃಷ್ಟಿಸಿದ್ದು ಸತ್ಯವೋ, ಭೂಮಿಗೆ 454 ಕೋಟಿ ವರ್ಷ ಆದದ್ದು ಸತ್ಯವೋ?" ದೊಡ್ಡವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಅಂಜಿಕೊಂಡು.

ನನ್ನ ಉತ್ತರ: ವರ್ಷದ ಲೆಕ್ಕ ಬೇಕಿದ್ದರೆ ಕಲ್ಲನ್ನು ಕೇಳಿ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಆ ಲೆಕ್ಕ ಒಪ್ಪಿಸಲು ಕೂತಿಲ್ಲ. ಅದರ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಗೊತ್ತಾಗುತ್ತದೆ.

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮೊದಲ ಮೂರು ದಿನ, ಬಲಕ್ಕೆ ಉಳಿದ ಮೂರು. ಒಂದನೇ ದಿನ ಬೆಳಕು, ಅದರ ಎದುರು ನಾಲ್ಕನೇ ದಿನ ಸೂರ್ಯ, ಚಂದ್ರ, ನಕ್ಷತ್ರ. ಎರಡನೇ ದಿನ ಆಕಾಶ ಮತ್ತು ನೀರು ಬೇರೆಯಾದವು, ಎದುರಿನ ಐದನೇ ದಿನ ಹಕ್ಕಿ, ಮೀನು. ಮೂರನೇ ದಿನ ನೆಲ, ಆರನೇ ದಿನ ನೆಲದ ಪ್ರಾಣಿ, ಮನುಷ್ಯ. ಮೊದಲು ಮನೆ, ಆಮೇಲೆ ಮನೆಯವರು. ಇದು ಪದ್ಯದ ಕಟ್ಟು. ಎರಡನೇ ಅಧ್ಯಾಯಕ್ಕೆ ಹೋದರೆ ಕ್ರಮವೇ ಬೇರೆ: ಮೊದಲು ಮನುಷ್ಯ, ನಂತರ ತೋಟ, ನಂತರ ಪ್ರಾಣಿಗಳು, ಕೊನೆಗೆ ಸ್ತ್ರೀ. ಎರಡನ್ನೂ ಒಟ್ಟಿಗೆ ಹೊಲಿದವರಿಗೆ ಈ ವ್ಯತ್ಯಾಸ ಕಾಣಲಿಲ್ಲ ಎನ್ನುವಂತಿಲ್ಲ.

ಇನ್ನೊಂದು ವಿಷಯ. ನಾಲ್ಕನೇ ದಿನ ಸೂರ್ಯನ ಹೆಸರೇ ಬರುವುದಿಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಇದೆ. ಬಾಬಿಲೋನಿನಲ್ಲಿ ಸೂರ್ಯ ಶಮಾಶ್ ಎಂಬ ದೇವರು, ಚಂದ್ರ ಸಿನ್ ಎಂಬ ದೇವರು. ಅವು ದೇವರು ಹಚ್ಚಿಟ್ಟ ದೀಪಗಳು ಅಷ್ಟೇ, ಅಡ್ಡಬೀಳಬೇಡಿ ಎನ್ನುವುದು ಈ ಅಧ್ಯಾಯದ ಮಾತು. ನಾನು ನಂಬುವುದು ಆ ಮಾತನ್ನು, ಪೂರ್ತಿಯಾಗಿ.

"ಒಂದು ದಿನ ಅಂದರೆ ಕೋಟಿಗಟ್ಟಲೆ ವರ್ಷ" ಎಂದು ತೇಪೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ತೇಪೆ ನಿಲ್ಲುವುದಿಲ್ಲ. ಹಣ್ಣಿನ ಮರಗಳು ಮೂರನೇ ದಿನ, ಸೂರ್ಯ ನಾಲ್ಕನೇ ದಿನ. ಕೋಟಿ ವರ್ಷ ಬಿಸಿಲಿಲ್ಲದೆ ಮರ ಉಳಿಯುವುದು ಹೇಗೆ? ಹಕ್ಕಿಗಳು ಐದನೇ ದಿನ, ನೆಲದ ಪ್ರಾಣಿಗಳು ಆರನೇ ದಿನ. ಪಳೆಯುಳಿಕೆಗಳಲ್ಲಿ ನೆಲದ ಸರೀಸೃಪಗಳೇ ಮೊದಲು. ಇನ್ನು ಆರು ಸಾವಿರ ವರ್ಷ ಎಂಬ ಅಂಕಿ ಬೈಬಲಿನ ಯಾವ ವಚನದಲ್ಲೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ವಂಶಾವಳಿಗಳನ್ನು ಕೂಡಿಸಿ 1650ರಲ್ಲಿ ಸೃಷ್ಟಿಯ ವರ್ಷವನ್ನು ಕ್ರಿ.ಪೂ. 4004 ಎಂದು ಲೆಕ್ಕ ಹಾಕಿದರು. ಅದಕ್ಕೂ ಸಾವಿರದ ಇನ್ನೂರು ವರ್ಷ ಮುಂಚೆಯೇ ಸಂತ ಅಗಸ್ಟೀನರು ಎಚ್ಚರಿಸಿದ್ದರು: ಆಕಾಶ ಭೂಮಿಗಳ ಬಗ್ಗೆ ಕ್ರೈಸ್ತರು ತಪ್ಪು ತಪ್ಪಾಗಿ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅವರು ಹೇಳುವುದನ್ನು ಯಾರು ನಂಬುತ್ತಾರೆ?

ಈಗ ಕಲ್ಲಿನ ಲೆಕ್ಕ. ಬಾಯಾರು, ಶೇಣಿ, ಪಡ್ರೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವವರಿಗೆ ಇದು ಪುಸ್ತಕವಿಲ್ಲದೆಯೂ ಗೊತ್ತು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಮೆತ್ತಗಿನ ಹಳದಿ ಕೆಂಪು ಮಣ್ಣು, ಅದರ ಕೆಳಗೆ ಶೇಡಿ ಎಂಬ ಬಿಳಿ ಜೇಡಿಮಣ್ಣು. ಶೇಡಿ ಸಿಕ್ಕಿದರೆ ಸುರಂಗ ಕುಸಿಯುವ ಭಯ. ಆ ಶೇಡಿಯಲ್ಲಿ ಕೆಲವೆಡೆ ಹಳೆಯ ಶಿಲೆಯ ಪಟ್ಟೆಗಳು ಹಾಗೇ ಉಳಿದಿರುತ್ತವೆ. ಉಗುರಲ್ಲಿ ಗೀರಿದರೆ ಪುಡಿಯಾಗುವಷ್ಟು ಮೆತ್ತಗೆ, ಆದರೆ ಗೆರೆ ಅಳಿದಿಲ್ಲ. ಗಟ್ಟಿ ಬಂಡೆಯೇ ನಿಂತಲ್ಲಿ ಮಣ್ಣಾದ ಗುರುತು ಅದು. ಮಳೆನೀರು ಸಿಲಿಕಾವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಮುರಕಲ್ಲಾಗುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮಲ್ಲೂ ಈ ಕೆಲಸಕ್ಕೆ ಲಕ್ಷಾಂತರ ವರ್ಷ ಹಿಡಿಯುತ್ತದೆ.

"ಕಾರ್ಬನ್ ಪರೀಕ್ಷೆ ನಂಬುವಂಥದ್ದಲ್ಲ, ಹಾಗಾಗಿ ಭೂಮಿ ಹಳೆಯದಲ್ಲ" ಎಂಬ ವಾದ ಆಗಾಗ ಬರುತ್ತದೆ. ಬಂಡೆಯ ವಯಸ್ಸಿಗೆ ಕಾರ್ಬನ್ ಬಳಸುವುದೇ ಇಲ್ಲ. ಕಾರ್ಬನ್-14 ಪ್ರತಿ 5730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯದು. ಅದು ಮರ, ಮೂಳೆ, ಇದ್ದಿಲಿಗೆ. ಬಂಡೆಗೆ ಜಿರ್ಕಾನ್ ಎಂಬ ಹರಳು. ಅದು ರೂಪುಗೊಳ್ಳುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಈಗ ಒಳಗಿರುವ ಸೀಸ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238 ಅರ್ಧವಾಗಲು ಸುಮಾರು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಹರಳು ಬಿರುಕು ಬಿಟ್ಟು ಸೀಸ ಸೋರಿದರೆ ವಯಸ್ಸು ಕಡಿಮೆ ಬರುತ್ತದೆ. ಅದಕ್ಕಾಗಿಯೇ ಎರಡೂ ಗಡಿಯಾರ ನೋಡುವುದು. ಎರಡೂ ಒಂದೇ ಹೇಳಿದರೆ ಮಾತ್ರ ಒಪ್ಪುವುದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ.

ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಈ ವಿಜ್ಞಾನವನ್ನು "ಬೆಳಕಾಗಲಿ" ಎಂಬ ವಚನದ ಜೊತೆ ಸೇರಿಸಿ ಮಾತಾಡಿದಾಗ ಲೆಮೆತ್ರರಿಗೆ ಅದು ಸರಿಬರಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗೇ ಇರಬೇಕೆಂಬುದು ಅವರ ನಿಲುವು. ಮರುವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳೆದುರು ಪೋಪ್ ಆ ಮಾತೆತ್ತಲಿಲ್ಲ. ವಿಜ್ಞಾನ ನಮ್ಮ ಪರವಾಗಿದೆ ಎನಿಸಿದಾಗಲೂ ಅದನ್ನು ಸಾಕ್ಷಿಗೆ ಎಳೆಯದ ಈ ಪಾದ್ರಿ ನನಗೆ ಬಹಳ ದೊಡ್ಡವರು.

ನಿಜವಾದ ಗಂಟು ಇರುವುದು ಆದಾಮನಲ್ಲಿ. 1950ರ ಪರಿಪತ್ರದಲ್ಲಿ ಅದೇ ಪೋಪ್, ದೇಹದ ವಿಕಾಸದ ಬಗ್ಗೆ ಸಂಶೋಧನೆಗೆ ಅಡ್ಡಿಯಿಲ್ಲ, ಆತ್ಮ ಮಾತ್ರ ನೇರ ದೇವರಿಂದ ಎಂದರು. ಆದರೆ ಮೊದಲ ಮನುಷ್ಯರು ಹಲವರಿದ್ದರೆ ಅದು ಮೂಲಪಾಪದ (ಆದಾಮನ ಪಾಪ ಎಲ್ಲ ಮನುಷ್ಯರಿಗೂ ಬಂದಿತೆಂಬ) ಬೋಧನೆಗೆ ಹೇಗೆ ಹೊಂದುತ್ತದೋ ಕಾಣುತ್ತಿಲ್ಲ ಎಂದೂ ಬರೆದರು. ತಳಿವಿಜ್ಞಾನ ಹೇಳುವುದು, ನಮ್ಮ ಪೂರ್ವಜರ ಗುಂಪಿನಲ್ಲಿ ಸಾವಿರಾರು ಮಂದಿ ಇದ್ದರೆಂದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಆದಿಕಾಂಡದ ಮೂರನೇ ಅಧ್ಯಾಯದ ಭಾಷೆ ಸಾಂಕೇತಿಕ, ಆದರೆ ಆದಿಯಲ್ಲೇ ನಡೆದ ಒಂದು ಘಟನೆಯನ್ನು ಅದು ಹೇಳುತ್ತದೆ ಎನ್ನುತ್ತದೆ. ಗುಂಪಿನ ಪ್ರತಿನಿಧಿ ಆದಾಮನೆನ್ನುವ ದೇವಶಾಸ್ತ್ರಜ್ಞರಿದ್ದಾರೆ, ಒಪ್ಪದವರೂ ಇದ್ದಾರೆ. ಹತ್ತನೇ ತರಗತಿಯ ಮಗು ಇಲ್ಲಿಗೆ ಬಂದು ಕೇಳಿದರೆ ಗಂಟು ಇನ್ನೂ ಬಿಚ್ಚಿಲ್ಲ ಎಂದೇ ಹೇಳಿ, ಸಂತ ಪೌಲರು ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆಗೆದು ಮಗುವಿನ ಜೊತೆ ಕೂತು ಓದಿ.